ಒಬ್ಬರು ಹೊರಬರುವಷ್ಟು ಕಿಟಕಿ

ಜನವರಿ 12

ಪ್ರೀತಿಯ ತಮ್ಮನಿಗೆ,

‘ಮನೆಯೆಂದರೆ ಮರಳಿ ಬರುವವರ ಹೆಜ್ಜೆಗೆ ಕಾದು ಕೂತ ನೆಲ.’ ಹೀಗೊಂದು ಸಾಲು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೆನೋ, ಯಾರ ಬಾಯಲ್ಲಿ ಕೇಳಿದ್ದೆನೋ ನೆನಪಿಲ್ಲ. ‘ನೆಲ’ ಎಂದಿತ್ತೋ ‘ಹೊಸ್ತಿಲು’ ಎಂದಿತ್ತೋ, ಅದೂ ಗೊತ್ತಿಲ್ಲ. ಆದರೆ ಅದು ನಿಜವೇ? ನೆಲ ಯಾರಿಗಾದರೂ ಕಾಯುತ್ತದೆಯೇ? ನಮ್ಮ ಅಟ್ಟದ ನೆಲವಂತೂ ಇಷ್ಟು ವರ್ಷ ಕಾದದ್ದು ಜೇಡಗಳಿಗೆ. ಇವತ್ತು ಅಲ್ಲಿಗೆ ಹತ್ತಿ ನಿಂತಾಗ ಅದು ನನ್ನನ್ನು ಕಂಡು ಸಂತೋಷಪಟ್ಟ ಹಾಗೇನೂ ಕಾಣಲಿಲ್ಲ. ಕಿರ್ರೆಂದಿತು, ಅಷ್ಟೇ.

ಅಟ್ಟಕ್ಕೆ ಯಾಕೆ ಹತ್ತಿದೆ ಎಂದು ಹೇಳುತ್ತೇನೆ. ನಿನ್ನ ಆರೈಕೆ ಕೇಂದ್ರದಿಂದ ನಮಗೆ ಸೂಚನೆ ಬಂದಿದೆ. ನಿನ್ನನ್ನು ಮನೆಗೆ ಕಳಿಸಲು ಡಾಕ್ಟರು ಒಪ್ಪಿದ್ದಾರಂತೆ. ಆದರೆ ನಿನಗೆಂದೇ ಒಂದು ಮಲಗುವ ಕೋಣೆ ಇರಬೇಕು, ಹಾಲ್‌ನ ಮೂಲೆಯಲ್ಲಿ ಮಂಚ ಹಾಕಿದರೆ ನಡೆಯುವುದಿಲ್ಲ, ಆ ಕೋಣೆಗೆ ನಗರಸಭೆಯ ಒಪ್ಪಿಗೆಯೂ ಬೇಕು. ಏಪ್ರಿಲ್ ಒಳಗೆ ಇದಾಗದಿದ್ದರೆ ನಿನ್ನನ್ನು ದೀರ್ಘಕಾಲದವರ ವಿಭಾಗಕ್ಕೆ ಸೇರಿಸುತ್ತಾರೆ. ಅಲ್ಲಿಗೆ ಹೋದವರು ವಾಪಸು ಬರುವುದು ಅಪರೂಪ ಎಂದು ನೀನೇ ಬರೆದಿದ್ದೆ. ನಮ್ಮ ಮನೆಯಲ್ಲಿ ಕೆಳಗಿರುವುದು ಒಂದೇ ಕೋಣೆ. ಹಾಗಾಗಿ ಅಟ್ಟ.

ಮೇಸ್ತ್ರಿ ಬಂದು ನೋಡಿದರು. ಮುರಿದ ಕುರ್ಚಿ, ಹಳೇ ಪತ್ರಿಕೆ, ಕಾಲಿಲ್ಲದ ಫ್ಯಾನು, ಎಲ್ಲದರ ನಡುವೆ ನಿಂತು ಹೇಳಿದರು: “ಅಮ್ಮಾ, ಇದನ್ನ ಕೋಣೆ ಮಾಡೋದು ನನ್ನ ಕೆಲಸ. ಇದರೊಳಗಿರೋದನ್ನ ಎಸೆಯೋದು ನಿಮ್ಮ ಕೆಲಸ. ನನ್ನ ಕೆಲಸ ಸುಲಭ.” ನಿನ್ನ ಭಾವ ಸೂರಿನ ಕೆಳಗೆ ನೆಟ್ಟಗೆ ನಿಲ್ಲಲು ಹೋಗಿ ತಲೆ ಕುಟ್ಟಿಸಿಕೊಂಡರು. “ನಿನ್ನ ತಮ್ಮ ನನಗಿಂತ ಎತ್ತರ. ಇಲ್ಲಿ ದಿನಾ ತಲೆ ತಗ್ಗಿಸಿಕೊಂಡೇ ಇರಬೇಕು. ಒಳ್ಳೇದೇ ಬಿಡು, ನಿನ್ನ ಜೊತೆ ಇರೋಕೆ ಅಭ್ಯಾಸ ಆಗುತ್ತೆ” ಎಂದರು. ನೀನು ಬಿದ್ದ ಮೇಲೆ ಅವರು ಇಂಥ ಹಾಸ್ಯ ಮಾಡಿದ್ದು ಇದೇ ಮೊದಲು.

ಅಟ್ಟ ಕೋಣೆಯಾಗಲು ನಿಯಮಗಳಿವೆ. ಅರ್ಧದಷ್ಟಾದರೂ ಜಾಗದಲ್ಲಿ ಮನುಷ್ಯ ನೆಟ್ಟಗೆ ನಿಲ್ಲುವಂತಿರಬೇಕು. ಏಣಿ ಸಾಲದು, ಹಿಡಿದುಕೊಳ್ಳಲು ಕಂಬಿ ಇರುವ ಮೆಟ್ಟಿಲು ಬೇಕು. ನೆಲದ ತೊಲೆಗಳು ಸಾಮಾನಿನ ಭಾರಕ್ಕೆ ಹಾಕಿದವು, ಬದುಕುವವರ ಭಾರಕ್ಕಲ್ಲವಂತೆ. ಅವುಗಳ ಪಕ್ಕಕ್ಕೆ ಹೊಸ ತೊಲೆ ಕೂರಿಸಬೇಕು. ಹೊಗೆ ಬಂದರೆ ಕೂಗುವ ಯಂತ್ರ ಬೇಕು. ಇನ್ನೂ ಒಂದೆರಡು ಇವೆ, ಸಣ್ಣವು.

ಊಟ ಸರಿಯಾಗಿ ಮಾಡು.

ನಿನ್ನ ಅಕ್ಕ


ಜನವರಿ 23

ಅಕ್ಕಾ,

ನಿನ್ನ ಕಾಗದ ಓದಿ ಪಕ್ಕದ ಹಾಸಿಗೆಯ ಮೇಷ್ಟ್ರಿಗೂ ಓದಿ ಹೇಳಿದೆ. ಅವರು ಗಣಿತದ ಮೇಷ್ಟ್ರು. “ನೆಲ ಕಾಯೋದಿಲ್ಲಪ್ಪ, ಮೇಲಿರೋದನ್ನ ಹೊರುತ್ತೆ, ಅಷ್ಟೇ” ಎಂದರು. ಕವಿತೆಯ ವಿಷಯದಲ್ಲಿ ನಿನಗೆ ಒಳ್ಳೆಯ ಎದುರಾಳಿ. ಬಂದಾಗ ಪರಿಚಯ ಮಾಡಿಸುತ್ತೇನೆ.

ನಾನು ಫೋನಿನಲ್ಲಿ ಯಾಕೆ ಮಾತಾಡುವುದಿಲ್ಲ ಎಂದು ಭಾವ ಇಲ್ಲಿಯ ಸಿಸ್ಟರನ್ನು ಕೇಳಿದ್ದರಂತೆ. ಇಲ್ಲಿ ಫೋನಿನ ಹಿಂದೆ ಸಾಲು ನಿಂತಿರುತ್ತದೆ. ನನ್ನ ಬೆನ್ನಿಗೆ ಕಿವಿ ಅಂಟಿಸಿಕೊಂಡವರ ಮುಂದೆ ನಿನ್ನ ಮನೆಯ ಅಟ್ಟದ ವಿಷಯ ಮಾತಾಡಲಾರೆ.

ಇದರ ಜೊತೆಗೆ ನಕ್ಷೆ ಇಟ್ಟಿದ್ದೇನೆ. ಕೈ ಇನ್ನೂ ಸ್ವಲ್ಪ ನಡುಗುತ್ತದೆ, ಗೆರೆ ಅಲ್ಲಲ್ಲಿ ಕುಡಿದವನ ಹಾಗೆ ನಡೆದಿದೆ, ಕ್ಷಮಿಸು. ನಾನು ಕೆಲಸ ಮಾಡುತ್ತಿದ್ದ ನಕ್ಷೆ ಕಚೇರಿಯಲ್ಲಿ ಹೀಗೆ ಎಳೆದಿದ್ದರೆ ಸಾಹೇಬರು ನನ್ನನ್ನೇ ಮಡಚಿ ಬುಟ್ಟಿಗೆ ಹಾಕುತ್ತಿದ್ದರು. ಮೆಟ್ಟಿಲನ್ನು ಅಡುಗೆಮನೆ ಕಡೆಯಿಂದ ತೆಗೆದುಕೊಂಡು ಹೋದರೆ ಜಾಗ ಉಳಿಯುತ್ತದೆ. ಮಂಚ ಸೂರು ತಗ್ಗಿರುವ ಕಡೆ. ಮಲಗಿದವನಿಗೆ ಎತ್ತರ ಬೇಕಿಲ್ಲ.

ನಿನ್ನ ಆ ‘ಒಂದೆರಡು ಸಣ್ಣವು’ ಏನು ಎಂದು ನನಗೆ ಗೊತ್ತು. ಇಷ್ಟು ವರ್ಷ ಇದೇ ಕೆಲಸ ಮಾಡಿದವನು ನಾನು. ಬೆಂಕಿ ಬಿದ್ದರೆ ಹೊರಬರಲು ಕಿಟಕಿ ಬೇಕು. ಬೀದಿ ಕಡೆಯ ಗೋಡೆಯಲ್ಲಿ ಅದನ್ನು ಬರೆದಿದ್ದೇನೆ. ಪಕ್ಕಕ್ಕೆ ಪೂರ್ತಿ ತೆರೆದುಕೊಳ್ಳುವ ಒಂದೇ ಬಾಗಿಲಿನ ಕಿಟಕಿ.

ಅದನ್ನು ನಿಯಮಕ್ಕೋಸ್ಕರ ಮಾತ್ರ ಬರೆದದ್ದಲ್ಲ. ಇಲ್ಲಿನ ಕಿಟಕಿಗಳು ನಾಲ್ಕು ಬೆರಳಿನಷ್ಟು ತೆರೆಯುತ್ತವೆ. ಆಮೇಲೆ ಒಂದು ಕಬ್ಬಿಣದ ಗೂಟ ತಡೆಯುತ್ತದೆ. ಆ ಸಂದಿಗೆ ಮೂಗು ಇಟ್ಟು ನಾವು ಗಾಳಿ ಕುಡಿಯುತ್ತೇವೆ, ಸರದಿಯ ಮೇಲೆ. ಮೇಷ್ಟ್ರದು ದೊಡ್ಡ ಮೂಗು, ಅವರಿಗೆ ಲಾಭ. ಬೆಳಿಗ್ಗೆ ಎದ್ದು ಕಿಟಕಿಯನ್ನು ಪೂರ್ತಿ ತಳ್ಳಿ, ಎರಡೂ ಮೊಣಕೈ ಊರಿ ಬೀದಿ ನೋಡಬೇಕು ಅಕ್ಕಾ. ಬೇರೇನೂ ಬೇಡ. ಗೋಡೆಗೆ ಯಾವ ಬಣ್ಣವಾದರೂ ಹೊಡೆಸು.

ನಿನ್ನ ತಮ್ಮ


ಫೆಬ್ರವರಿ 16

ಪ್ರೀತಿಯ ತಮ್ಮನಿಗೆ,

ತಡವಾಯಿತು. ಕಾಲೇಜಿನಲ್ಲಿ ಪರೀಕ್ಷೆ, ಮನೆಯಲ್ಲಿ ಗರಗಸ. ಒಂದು ಕಡೆ ಉತ್ತರಪತ್ರಿಕೆ ತಿದ್ದುತ್ತೇನೆ, ಇನ್ನೊಂದು ಕಡೆ ತಲೆಯ ಮೇಲಿಂದ ಮರದ ಪುಡಿ ಉದುರುತ್ತದೆ. ಒಬ್ಬ ಹುಡುಗಿಯ ಉತ್ತರಪತ್ರಿಕೆಯ ಮೇಲೆ ಎಷ್ಟು ಪುಡಿ ಬಿತ್ತೆಂದರೆ ಪಾಪ ಅನ್ನಿಸಿ ಎರಡು ಅಂಕ ಹೆಚ್ಚು ಹಾಕಿದೆ.

ತೊಲೆಗಳು ಕೂತವು. ಮೆಟ್ಟಿಲು ನೀನು ಬರೆದ ಕಡೆಯಿಂದಲೇ ಹತ್ತಿದೆ. ಹಂಚಿನ ಕೆಳಗೆ ಸೆಕೆ ತಡೆಯುವ ದಪ್ಪ ಹಾಳೆ ಹೊದಿಸಿ ಹಲಗೆ ಬಡಿದಿದ್ದಾರೆ. ಈಗ ಅದು ಅಟ್ಟದ ಹಾಗೆ ಕಾಣುವುದಿಲ್ಲ. ಮಗುಚಿಟ್ಟ ದೋಣಿಯೊಳಗೆ ಕೂತ ಹಾಗಿದೆ. ನೀನು ಬಿದ್ದ ಮೇಲೆ ಈ ಮನೆಯಲ್ಲಿ ಯಾವುದೂ ಹೊಸದಾಗಿ ಶುರುವಾಗಿರಲಿಲ್ಲ. ಹೊಸ ಮರದ ವಾಸನೆಗೆ ನಾವಿಬ್ಬರೂ ಇನ್ನೂ ಒಗ್ಗಿಕೊಂಡಿಲ್ಲ.

ನಗರಸಭೆಯ ಅಧಿಕಾರಿ ಬಂದಿದ್ದರು. ಭಾರೀ ಆಳು. ಮೆಟ್ಟಿಲು ಹತ್ತುವಾಗಲೇ ಮೆಟ್ಟಿಲಿನ ಪರೀಕ್ಷೆಯಾಯಿತು. ಮೇಸ್ತ್ರಿ ಇಟ್ಟಿದ್ದ ಕಿಟಕಿ ಚಿಕ್ಕದು. ಅಧಿಕಾರಿ ಅದರ ಮುಂದೆ ನಿಂತು ಹೊಟ್ಟೆ ತಟ್ಟಿಕೊಂಡರು. “ಇದರಲ್ಲಿ ನಾನು ಆಚೆ ಬರಬಹುದಾ ಹೇಳಿ ಮೇಡಂ? ನಾನು ಬಂದ್ರೆ ಊರಲ್ಲಿ ಯಾರು ಬೇಕಾದ್ರೂ ಬರ್ತಾರೆ. ಅಷ್ಟು ದೊಡ್ಡದು ಮಾಡಿ.”

ಸೂರಿನಲ್ಲಿ ಗಾಜಿನ ಹಂಚು ಹಾಕಿಸಿದರೆ ಬೆಳಕು ಸಾಲುತ್ತದಲ್ಲ ಎಂದೆ.

“ಬೆಳಕು ಒಳಗೆ ಬರೋದು ಬೇರೆ, ಮನುಷ್ಯ ಆಚೆ ಹೋಗೋದು ಬೇರೆ. ಮೆಟ್ಟಿಲಿಗೆ ಬೆಂಕಿ ಹತ್ತಿಕೊಂಡ್ರೆ ಮೇಲಿರೋರು ಏನು ಮಾಡ್ಬೇಕು, ನಿಮ್ಮ ಗಾಜಿನ ಹಂಚು ನೋಡ್ತಾ ಕೂತಿರಬೇಕಾ? ಬೀಗ ಇರಬಾರದು, ಸರಳು ಇರಬಾರದು. ಒಳಗಿಂದ ಒಂದೇ ಕೈಲಿ ತೆಗೆಯೋ ಹಾಗಿರಬೇಕು.”

ಅದಕ್ಕೆ ಗೋಡೆ ಇನ್ನಷ್ಟು ಒಡೆಯುತ್ತಿದ್ದಾರೆ.

ಎದುರುಮನೆಗೆ ಈಚೆಗೆ ಒಬ್ಬ ಹೊಲಿಗೆ ಅಮ್ಮ ಬಂದಿದ್ದಾರೆ, ನೀನು ನೋಡಿಲ್ಲ. ದಿನವಿಡೀ ಮೆಷಿನ್ ಮುಂದೆ ಕೂತು ಬೀದಿಯನ್ನೂ ಬಟ್ಟೆಯನ್ನೂ ಒಟ್ಟಿಗೆ ಹೊಲಿಯುತ್ತಾರೆ. “ಯಾರಿಗೆ ಕೋಣೆ?” ಎಂದು ಕೇಳಿದರು. ನಿನ್ನ ಬಗ್ಗೆ ಒಳ್ಳೆಯದನ್ನೇ ಹೇಳಿದ್ದೇನೆ.

ಮಂಚಕ್ಕೆ ಹತ್ತಿ ಹಾಸಿಗೆ ಬೇಕೋ, ಸ್ಪಂಜಿನದೋ? ಕಪಾಟು ಯಾವ ಗೋಡೆಗೆ? ಬೇಗ ಬರೆ.

ನಿನ್ನ ಅಕ್ಕ


ಫೆಬ್ರವರಿ 25

ಅಕ್ಕಾ,

ಹತ್ತಿ ಹಾಸಿಗೆ. ಕಪಾಟು ಮೆಟ್ಟಿಲಿನ ಪಕ್ಕ.

ಗಾಜಿನ ಹಂಚಿನ ಮಾತನ್ನು ಎರಡು ಸಲ ಓದಿದೆ. ನಿನಗೆ ಬೆಳಕಿನ ಚಿಂತೆ ಇರಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ, ಆದ್ದರಿಂದ ಕೋಪವಿಲ್ಲ.

ಆದರೆ ಒಂದು ಮಾತು. ಎರಡು ಕಾಗದದಲ್ಲೂ ‘ನೀನು ಬಿದ್ದ ಮೇಲೆ’ ಎಂದು ಬರೆದಿದ್ದೀಯ. ನಾನು ಬೀಳಲಿಲ್ಲ ಅಕ್ಕಾ. ಕಚೇರಿಯ ಆ ಮಹಡಿಯ ನೆಲ ಒದ್ದೆಯಾಗಿರಲಿಲ್ಲ, ಕಾಲು ಜಾರಲಿಲ್ಲ. ನಾನೇ ಹಾರಿದ್ದು. ನಿನಗೆ ಗೊತ್ತು. ನಿನಗೆ ಗೊತ್ತಿದೆ ಎಂಬುದು ನನಗೂ ಗೊತ್ತು. ಆಸ್ಪತ್ರೆಯಲ್ಲಿ ಬಂದವರಿಗೆಲ್ಲ ನೀನು ‘ಕಾಲು ಜಾರಿತು’ ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೆ ಬೀಳುತ್ತಿತ್ತು. ಆ ಮಾತನ್ನು ಹೊದಿಕೆಯ ಹಾಗೆ ನನ್ನ ಮೇಲೆ ಹೊದಿಸಿದೆ. ಆಗ ಬೆಚ್ಚಗಿತ್ತು. ಈಗ ಉಸಿರು ಕಟ್ಟುತ್ತದೆ. ಡಾಕ್ಟರ ಹತ್ತಿರ ಕೊನೆಗೂ ಬಾಯಿಬಿಟ್ಟು ಹೇಳಿದ ದಿನ ರಾತ್ರಿ ಗುಳಿಗೆಯಿಲ್ಲದೆ ನಿದ್ದೆ ಬಂತು.

ಯಾಕೆ ಎಂದು ಕೇಳಬೇಡ. ಆಗ ಎಲ್ಲ ಬಾಗಿಲೂ ಮುಚ್ಚಿದ ಹಾಗಿತ್ತು, ಅದೊಂದು ತೆರೆದಿತ್ತು, ಇಷ್ಟೇ ಹೇಳಬಲ್ಲೆ. ಈಗ ಹಾಗಿಲ್ಲ. ಈಗ ಬೇಸರವಾದರೆ ಬೇಸರ ಎಂದು ಹೇಳುತ್ತೇನೆ. ಮೇಷ್ಟ್ರಿಗೆ ಹೇಳಿ ಹೇಳಿ ಅವರಿಗೇ ಬೇಸರ ಬಂದಿದೆ. “ನಿನ್ನ ಬೇಸರಕ್ಕೆ ಒಂದು ಸೂತ್ರ ಕಂಡುಹಿಡಿದಿದ್ದೇನೆ, ಊಟಕ್ಕೆ ಮುಂಚೆ ಹೆಚ್ಚು, ಊಟದ ನಂತರ ಕಡಿಮೆ” ಅನ್ನುತ್ತಾರೆ.

ತೆರೆಯುವ ಕಿಟಕಿಯ ಪಕ್ಕ ಮಲಗಿ, ಬೆಳಿಗ್ಗೆ ಎದ್ದು, ಮೆಟ್ಟಿಲಿಳಿದು ನಿನ್ನ ಅಡುಗೆಮನೆಗೆ ಬರುವುದು. ಇದನ್ನು ಮಾಡಬಲ್ಲೆ ಅನ್ನಿಸುತ್ತದೆ. ಡಾಕ್ಟರಿಗೂ ಅನ್ನಿಸುತ್ತದೆ. ನಿನಗೆ ಅನ್ನಿಸದಿದ್ದರೆ ಹಾಗಂತ ಬರೆ. ಕಿಟಕಿ ಬೇಡ ಎಂದು ಬರೆ, ಈಗಲೇ ಬರಬೇಡ ಎಂದಾದರೂ ಬರೆ. ಬೇಸರವಾಗುತ್ತದೆ, ಆದರೆ ಇಲ್ಲಿ ಇರಬಲ್ಲೆ. ಕಾವಲಿನವರು ಇಲ್ಲಿ ಬೇಕಾದಷ್ಟಿದ್ದಾರೆ, ಸಂಬಳ ತೆಗೆದುಕೊಳ್ಳುವವರು. ನೀನು ಅದಾಗಬೇಡ. ನಾನು ಬರುವುದಾದರೆ ಅಕ್ಕನ ಮನೆಗೆ ಬರುತ್ತೇನೆ.

ಉತ್ತರ ಬರೆ.

ನಿನ್ನ ತಮ್ಮ


ಮಾರ್ಚ್ 22

ಪ್ರೀತಿಯ ತಮ್ಮನಿಗೆ,

ಸಿಹಿ ಸುದ್ದಿ! ಕೋಣೆಗೆ ಒಪ್ಪಿಗೆ ಸಿಕ್ಕಿತು. ಅಧಿಕಾರಿ ಒಂದೇ ಕೈಯಲ್ಲಿ ಕಿಟಕಿ ತೆಗೆದು, ಅರ್ಧ ಮೈ ಆಚೆ ಹಾಕಿ, “ನಿಮ್ಮ ಬೀದಿ ಮೇಲಿಂದ ಇಷ್ಟು ಚೆನ್ನಾಗಿದೆ, ಕೆಳಗಿಂದ ಗೊತ್ತೇ ಆಗಲ್ಲ ನೋಡಿ” ಎಂದರು. ಅವರನ್ನು ಒಳಗೆ ಎಳೆದುಕೊಳ್ಳಬೇಕಾಗುತ್ತದೇನೋ ಎಂದು ಭಾವ ತೋಳು ಮಡಚಿ ಸಿದ್ಧವಾಗಿದ್ದರು. ಸಹಿ ಮೊಹರು ಎಲ್ಲ ಆಯಿತು, ಕೇಂದ್ರಕ್ಕೆ ಕಳಿಸಿದ್ದೇನೆ.

ಗೋಡೆಗೆ ತಿಳಿ ಹಳದಿ. ಹಾಸಿಗೆ ಹತ್ತಿಯದೇ. ಕಪಾಟು ಮೆಟ್ಟಿಲಿನ ಪಕ್ಕ. ಅದರ ಕೆಳಗಿನ ಎರಡು ಅರೆಯಲ್ಲಿ ನನ್ನ ಕವಿತೆ ಪುಸ್ತಕಗಳನ್ನು ಇಟ್ಟಿದ್ದೇನೆ, ನಿನಗೆ ಬೇಡವಾದರೆ ಒಯ್ಯುತ್ತೇನೆ. ಸೂರು ತಗ್ಗಿದ ಕಡೆ ತಲೆ ತಾಗದಿರಲಿ ಎಂದು ಭಾವ ತೊಲೆಗೆ ಸ್ಪಂಜು ಸುತ್ತಿದ್ದಾರೆ. ಅದನ್ನು ತಾವೇ ಮೂರು ಸಲ ತಲೆ ಕುಟ್ಟಿ ಪರೀಕ್ಷೆ ಮಾಡಿದರು. ಬೆಳಿಗ್ಗೆ ಬಿಸಿಲು ಸೀದಾ ಹಾಸಿಗೆಯ ಮೇಲೆ ಬೀಳುತ್ತದೆ. ನಿನ್ನೆ ಅಲ್ಲಿ ಸುಮ್ಮನೆ ಕೂತಿದ್ದೆ, ಎದ್ದು ಬರಲು ಮನಸ್ಸಾಗಲಿಲ್ಲ. ಕೋಣೆ ಎಲ್ಲ ರೀತಿಯಲ್ಲೂ ಭದ್ರವಾಗಿದೆ.

ನಿನ್ನ ಕಾಗದ ಬಂತು. ಅದರ ಬಗ್ಗೆ ಎದುರೆದುರು ಕೂತು ಮಾತಾಡೋಣ. ಇಂಥವನ್ನೆಲ್ಲ ಕಾಗದದಲ್ಲಿ ಬರೆಯಲು ನನಗೆ ಬರುವುದಿಲ್ಲ, ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸುವವಳು ನಾನು ಎಂಬುದನ್ನು ಮರೆತುಬಿಡು.

ಏಪ್ರಿಲ್ ಮೊದಲ ಶನಿವಾರ ಭಾವ ಕಾರು ತರುತ್ತಾರೆ. ಬಟ್ಟೆ ಮಡಚಿಡು.

ನಿನ್ನ ಅಕ್ಕ


ಮಾರ್ಚ್ 30

ಅಕ್ಕಾ,

ತಿಂಗಳ ತನಕ ನಿನ್ನ ಉತ್ತರ ಬರದಿದ್ದಾಗ ದೀರ್ಘಕಾಲದವರ ವಿಭಾಗದ ಹಾಸಿಗೆಗಳನ್ನು ಹೋಗಿ ನೋಡಿಕೊಂಡು ಬಂದಿದ್ದೆ. ಮೇಷ್ಟ್ರು ಬೈದರು. “ಉತ್ತರ ಬರೋಕೆ ಮುಂಚೆ ಲೆಕ್ಕ ತಪ್ಪು ಅನ್ನೋ ದಡ್ಡ ನೀನೊಬ್ಬನೇ” ಎಂದರು.

ಅವರೇ ಸರಿ. ನಾನು ಆ ಮಾತನ್ನು ಬರೆದ ಮೇಲೂ ನೀನು ಗೋಡೆ ಒಡೆಸಿದೆ, ಕಿಟಕಿ ಇಡಿಸಿದೆ, ಆ ಭಾರೀ ಮನುಷ್ಯ ಅದರಿಂದ ಹೊರಗೆ ಬಗ್ಗಿ ಬೀದಿ ನೋಡಿದ. ನೀನು ಮಾತಿನಲ್ಲಿ ಏನೂ ಬರೆಯದಿದ್ದರೂ ನನಗೆ ಉತ್ತರ ಸಿಕ್ಕಿತು. ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹೀಗೆ ನಂಬಿರಲಿಲ್ಲ. ಔಷಧಿ ಕೊಡುವ ಸಿಸ್ಟರ್ ನಾನು ನುಂಗಿದ ಮೇಲೂ ಬಾಯಿ ತೆರೆಸಿ ನೋಡುತ್ತಾರೆ. ಅವರ ತಪ್ಪಲ್ಲ. ಆದರೆ ದಿನಾ ಬಾಯಿ ತೆರೆದು ತೋರಿಸುವವನಿಗೆ ಒಂದು ಕಿಟಕಿ ಎಂದರೆ ಏನು ಎಂದು ನಿನಗೆ ಹೇಗೆ ಹೇಳಲಿ.

ಚಿಲಕ ಯಾವ ಕಡೆ ಇದೆ ಎಂದು ನೀನು ಬರೆಯಲೇ ಇಲ್ಲ. ಎಡಕ್ಕೋ ಬಲಕ್ಕೋ? ನಕ್ಷೆಯಲ್ಲಿ ಬಲಕ್ಕೆ ಬರೆದಿದ್ದೆ. ಇರಲಿ, ಬಂದು ನೋಡುತ್ತೇನೆ.

ಭಾವನಿಗೆ ಕಾರು ಬೇಡ ಎಂದು ಹೇಳು. ಗುರುವಾರವೇ ಸಹಿ ಹಾಕಿ ಬಿಡುತ್ತಾರಂತೆ. ಒಬ್ಬನೇ ಬಸ್ಸಿನಲ್ಲಿ ಹೋಗುತ್ತೇನೆ ಎಂದೆ. ಡಾಕ್ಟರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಹೂಂ ಎಂದರು. ಮೇಷ್ಟ್ರು ತಮ್ಮ ಒಳ್ಳೆಯ ಅಂಗಿ ಕೊಟ್ಟಿದ್ದಾರೆ. ತೋಳು ಗಿಡ್ಡ, ಆದರೂ ಹಾಕಿಕೊಂಡು ಬರುತ್ತೇನೆ. ನಗಬೇಡ.

ನಿನ್ನ ತಮ್ಮ


ಏಪ್ರಿಲ್ 3, ಶುಕ್ರವಾರ

ತಮ್ಮಾ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ನೀನು ಅದಕ್ಕಿಂತ ಮೊದಲೇ ಬಂದು ಹೋಗಿದ್ದೀಯ.

ಕೇಂದ್ರಕ್ಕೆ ಫೋನ್ ಮಾಡಿದೆ. ನಿನ್ನೆ ಬೆಳಿಗ್ಗೆ ಹೊರಟವನು ವಾಪಸು ಬಂದಿಲ್ಲ ಎಂದರು. ಭಾವ ನಿನ್ನೆ ಸಂಜೆಯಿಂದ ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆಗಳು ಎಂದು ಸುತ್ತುತ್ತಿದ್ದಾರೆ. ಪೊಲೀಸರಿಗೆ ನಿನ್ನ ಫೋಟೊ ಕೊಟ್ಟಿದ್ದಾರೆ. ಮನೆಯಲ್ಲಿ ಯಾರಾದರೂ ಇರಬೇಕು ಎಂದು ನನ್ನನ್ನು ಕೂರಿಸಿದ್ದಾರೆ. ನೀನು ಮತ್ತೆ ಕೇಂದ್ರಕ್ಕೇ ಹೋದರೆ ನಿನಗಾಗಿ ಏನಾದರೂ ಕಾದಿರಲಿ ಎಂದು ಬರೆಯುತ್ತಿದ್ದೇನೆ. ಮೇಷ್ಟ್ರ ಕೈಗೆ ಕೊಡಿ ಎಂದು ಮೇಲೆ ಬರೆಯುತ್ತೇನೆ.

ಅಧಿಕಾರಿ ಸಹಿ ಹಾಕಿ ಹೋದ ಮರುದಿನ ಮೇಸ್ತ್ರಿಯನ್ನು ಕರೆಸಿ ಕಿಟಕಿಗೆ ಹೊರಗಿನಿಂದ ಅಡ್ಡಲಾಗಿ ಕಬ್ಬಿಣದ ಪಟ್ಟಿ ಹೊಡೆಸಿದೆ. “ನಿನ್ನೆ ತಾನೇ ಪಾಸಾಯ್ತಲ್ಲಮ್ಮ, ಬೆಂಕಿ ಗಿಂಕಿ ಬಿದ್ರೆ?” ಎಂದರು. “ಬೆಂಕಿ ಬೀಳಲ್ಲ” ಎಂದೆ. ಡಾಕ್ಟರು ಹೇಳಿದ್ದರು, ಭಾವ ಹೇಳಿದ್ದರು ಎಂದು ಈಗ ಬರೆಯಬಹುದಿತ್ತು. ಯಾರೂ ಹೇಳಲಿಲ್ಲ. ಭಾವ ಬೇಡ ಎಂದೇ ಜಗಳವಾಡಿದರು. “ಅವನು ಕೇಳಿದ್ದು ಒಂದೇ ಒಂದು. ಬೇಡ ಅನ್ನೋದಾದ್ರೆ ಅವನಿಗೇ ಬರೆದು ಹೇಳು, ಕದ್ದು ಮಾಡಬೇಡ” ಎಂದರು. ನೀನು ಬಂದು ಒಂದೆರಡು ವಾರ ಕಳೆದ ಮೇಲೆ ಮೆಲ್ಲಗೆ ಹೇಳಬಹುದು ಎಂದುಕೊಂಡೆ. ಮಳೆ ನೀರು ಒಳಗೆ ಬರುತ್ತಿತ್ತು ಎನ್ನಬಹುದು ಎಂದೂ ಯೋಚಿಸಿಟ್ಟಿದ್ದೆ.

ನಿನ್ನ ಫೆಬ್ರವರಿಯ ಕಾಗದವನ್ನು ನಾನು ಹೇಗೆ ಓದಿದೆ ಗೊತ್ತೇ? ‘ಹಾರಿದ್ದು’ ಎಂಬಲ್ಲಿಗೆ ನಿಂತುಬಿಟ್ಟೆ. ಅಲ್ಲಿಂದ ಕೆಳಗಿನದು ಕಣ್ಣಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ನೀನು ‘ಬದುಕುತ್ತೇನೆ’ ಎಂದು ಬರೆದದ್ದನ್ನು ನಾನು ‘ಸಾಯುತ್ತೇನೆ’ ಎಂದು ಬರೆದ ಹಾಗೆ ಓದಿದೆ. ಕವಿತೆಯ ಒಂದೊಂದು ಪದ ಹಿಡಿದು ಪಾಠ ಮಾಡುತ್ತೇನೆ, ಅದೇ ನಾನು.

ಇವತ್ತು ಬೆಳಿಗ್ಗೆ ಮೇಸ್ತ್ರಿ ಬಂದು ಪಟ್ಟಿ ಬಿಚ್ಚಿದರು. ಚೌಕಟ್ಟಿನಲ್ಲಿ ತೂತುಗಳು ಉಳಿದಿವೆ. ಕಿಟಕಿ ಈಗ ಪೂರ್ತಿ ತೆರೆದಿದೆ, ಗಾಳಿಗೆ ಬಡಿದುಕೊಳ್ಳುತ್ತಿದೆ, ಕೊಕ್ಕೆ ಹಾಕದೆ ಹಾಗೇ ಬಿಟ್ಟಿದ್ದೇನೆ. ಚಿಲಕ ಬಲಕ್ಕಿದೆ. ನೀನು ಬರೆದ ಕಡೆಯೇ.

ನಿನ್ನೆ ಕಾಲೇಜಿನಿಂದ ಬಂದು ಬೀಗ ತೆಗೆಯುತ್ತಿದ್ದಾಗ ಹೊಲಿಗೆ ಅಮ್ಮ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ರಸ್ತೆ ದಾಟಿ ಬಾಗಿಲಿಗೆ ಬಂದರು. ನಿನ್ನನ್ನು ನೋಡಿದ ಕೊನೆಯವರು ಅವರು. ಅದಕ್ಕೇ ಅವರು ಹೇಳಿದ್ದನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ, ನನ್ನದೇನೂ ಸೇರಿಸುವುದಿಲ್ಲ.

“ನಿಮ್ಮ ತಮ್ಮ ಬಂದಿದ್ರಲ್ಲಮ್ಮ ಮಧ್ಯಾಹ್ನ! ನೋಡಿದ ಕೂಡ್ಲೇ ಗೊತ್ತಾಯ್ತು, ನಿಮ್ಮದೇ ಮೂಗು. ಗಿಡ್ಡ ತೋಳಿನ ಅಂಗಿ, ಕೈಲೊಂದು ಚೀಲ. ಗೇಟಿನ ಹತ್ರ ನಿಂತ್ಕೊಂಡು ನಗ್ತಾ ನಗ್ತಾ ಮೇಲೆ ನೋಡಿದ್ರು. ಆಮೇಲೆ ನಗು ನಿಲ್ಲಿಸಿ ನೋಡ್ತಾನೇ ಇದ್ರು. ಬಿಸಿಲಲ್ಲಿ ಯಾಕೆ ನಿಂತಿದೀರಿ, ನಮ್ಮನೇಲಿ ಕೂತ್ಕೊಳ್ಳಿ, ಅಕ್ಕ ಇನ್ನೇನು ಬರ್ತಾರೆ ಅಂದೆ. ಆ ಕಬ್ಬಿಣದ ಪಟ್ಟಿ ಕಳ್ಳರಿಗಾ ಅಂತ ಕೇಳಿದ್ರು. ಅಯ್ಯೋ, ಅಷ್ಟೆತ್ತರ ಯಾವ ಕಳ್ಳ ಹತ್ತುತಾನೆ, ಒಳಗಿರೋರು ಆಚೆ ಬೀಳಬಾರದು ಅಂತ ಇರಬೇಕು, ಪಾಸಾದ ಮಾರನೇ ದಿನವೇ ಹೊಡೆಸಿದ್ರು ಅಂದೆ. ಸರಿ ಅಂದ್ರು. ನೀರು ಕೊಟ್ಟೆ, ಕುಡಿದ್ರು. ಲೋಟ ತೊಳೆದು ಕೊಟ್ರಮ್ಮ, ಗಂಡಸರಲ್ಲಿ ಯಾರು ಮಾಡ್ತಾರೆ ಹಾಗೆ? ಅಕ್ಕನಿಗೆ ಹೇಳಿ, ಕೋಣೆ ತುಂಬಾ ಚೆನ್ನಾಗಿದೆ ಅಂತ ಅಂದು ಚೀಲ ಎತ್ಕೊಂಡು ಹೊರಟೇಬಿಟ್ರು. ಅಲ್ಲಾ, ಒಳಗೆ ಕಾಲೇ ಇಡ್ಲಿಲ್ಲ, ಕೋಣೆ ಚೆನ್ನಾಗಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?”